ಚೈನ್ ಸವೆಯುವ ತನಕ

ನಮ್ಮ ಮನೆಯ ಮೋಟಾರ್ ಸೈಕಲ್ಲಿಗೆ ಹೊಸ ಚೈನ್ ಹಾಕಿಸಿದ ದಿನ ನನ್ನ ಯಜಮಾನರು ಬಾಯಿ ತಪ್ಪಿ ಒಂದು ಮಾತು ಕೊಟ್ಟುಬಿಟ್ಟರು. ಹೊಸಕೋಟೆಯಲ್ಲಿ ದೊಡ್ಡ ರಸ್ತೆಯಿಂದ ಒಳಕ್ಕೆ ತಿರುಗಿದರೆ ಸಿಗುವ ಒಂದು ಸಣ್ಣ ಮೆಕ್ಯಾನಿಕ್ ಶೆಡ್ಡಿನಲ್ಲಿ ನಡೆದದ್ದು ಇದು. ಮೆಕ್ಯಾನಿಕ್ಕು ಹಳೆಯ ಚೈನನ್ನು ಬಿಚ್ಚಿ ಎತ್ತಿ ಹಿಡಿದಿದ್ದ. ಬೇಯಿಸಿದ ಶಾವಿಗೆಯ ಹಾಗೆ ಅದು ಹಿಡಿದ ಕಡೆಯಿಂದೆಲ್ಲ ಜೋಲುತ್ತಿತ್ತು.

"ಹೊಸದು ಎಷ್ಟು ದಿನ ಬರುತ್ತಪ್ಪಾ?" ಎಂದು ನಾನು ಕೇಳಿದೆ. ಗ್ಯಾಸ್ ಸಿಲಿಂಡರ್ ಹಚ್ಚಿದ ದಿನ, ಉಪ್ಪಿನಕಾಯಿಯ ಹೊಸ ಜಾಡಿ ತೆಗೆದ ದಿನ, ಪೊರಕೆ ಬದಲಾಯಿಸಿದ ದಿನ, ಎಲ್ಲವನ್ನೂ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಬರೆದಿಡುವವಳು ನಾನು. ಯಾವ ವಸ್ತು ಎಷ್ಟು ದಿನ ಬಾಳಿತು ಎಂಬುದು ತಿಳಿಯದಿದ್ದರೆ ಏನನ್ನೋ ಒಲೆಯ ಮೇಲೆ ಮರೆತು ಬಂದ ಹಾಗೆ ಆಗುತ್ತದೆ.

"ನೋಡ್ಕೊಂಡ್ರೆ ಎರಡು ವರ್ಷ, ಇನ್ನೂ ಜಾಸ್ತಿನೂ ಬರುತ್ತೆ ಮೇಡಂ. ನೋಡ್ಕೊಂಡಿಲ್ಲ ಅಂದ್ರೆ ವರ್ಷಕ್ಕೇ ಖತಂ," ಎಂದ ಮೆಕ್ಯಾನಿಕ್ಕು.

ನಾನು ಯಜಮಾನರ ಕಡೆ ತಿರುಗಿ, "ಹಂಗಾದ್ರೆ ನನ್ನ ಸ್ಕೂಟರ್ ವಿಷಯ ಏನು?" ಎಂದೆ. ಈ ಪ್ರಶ್ನೆಯನ್ನು ಅವರು ಮನೆಯಲ್ಲಿ ಟಿವಿಯ ಸದ್ದು ಹೆಚ್ಚಿಸಿ ತಪ್ಪಿಸಿಕೊಳ್ಳುತ್ತಿದ್ದರು. ಶೆಡ್ಡಿನಲ್ಲಿ ಟಿವಿ ಇರಲಿಲ್ಲ.

"ಒಂದು ಮನೇಲಿ ಎರಡೆರಡು ಗಾಡಿ ಯಾಕೆ ಕಣೇ? ಈ ಚೈನ್ ಸವೀಲಿ. ಸವೆದ ದಿನ ಈ ಗಾಡಿ ಮೂಲೆಗೆ ನಿಲ್ಸಿ, ನಿಂಗೊಂದು ಸ್ಕೂಟರ್ ತಂದ್ಕೊಡ್ತೀನಿ. ನಾನು ಫ್ಯಾಕ್ಟರಿ ವ್ಯಾನಲ್ಲಿ ಹೋಗ್ತೀನಿ. ಇವನೇ ಸಾಕ್ಷಿ, ಆಯ್ತಾ?"

ಮೆಕ್ಯಾನಿಕ್ಕು ಗ್ರೀಸು ಮೆತ್ತಿದ ಕೈಯನ್ನು ಎದೆಯ ಮೇಲಿಟ್ಟು, "ಸಾಕ್ಷಿ ಸಾರ್," ಎಂದ. ಅಂಗಿಯ ಮೇಲೆ ಐದು ಬೆರಳೂ ಮೂಡಿದವು.

ನನಗೆ ಒಳಗೊಳಗೇ ಖುಷಿ. ಏಕೆಂದರೆ ನನ್ನ ಯಜಮಾನರು ಅಲ್ಲಿಯವರೆಗೆ ತಲೆಗೆ ಬಿಟ್ಟು ಬೇರೆ ಯಾವುದಕ್ಕೂ ಎಣ್ಣೆ ಹಾಕಿದವರಲ್ಲ. ಗೇಟು ಕಿರುಗುಟ್ಟುತ್ತದೆ ಎಂದರೆ, "ಇರ್ಲಿ ಬಿಡು, ಕಾಲಿಂಗ್ ಬೆಲ್ ಇದ್ದಂಗೆ," ಎನ್ನುವವರು. ಇವರ ಕೈಯಲ್ಲಿ ಈ ಚೈನು ಒಂದು ವರ್ಷ ದಾಟುವುದಿಲ್ಲ ಎಂದು ಲೆಕ್ಕ ಹಾಕಿದೆ. ಮನೆಗೆ ಬಂದು ಕ್ಯಾಲೆಂಡರಿನಲ್ಲಿ, ಸಂಕ್ರಾಂತಿಯ ಮುಂದಿನ ಚೌಕದಲ್ಲಿ, "ಚೈನ್" ಎಂದು ಬರೆದು ಕೆಳಗೆ ಗೆರೆ ಎಳೆದೆ.

ಆ ಸ್ಕೂಟರ್ ನನಗೆ ಏಕೆ ಬೇಕಿತ್ತು ಎಂಬುದನ್ನು ಹೇಳಬೇಕು. ನಾನು ಅಂಗನವಾಡಿ ಟೀಚರು. ನಮ್ಮ ಮನೆ ಇರುವುದು ಜಡಿಗೇನಹಳ್ಳಿಯಲ್ಲಿ. ನನ್ನ ಅಂಗನವಾಡಿ ಇರುವುದು ಅಲ್ಲಿಂದ ಆರು ಕಿಲೋಮೀಟರ್ ಆಚೆಯ ಇನ್ನೊಂದು ಹಳ್ಳಿಯಲ್ಲಿ. ಯಜಮಾನರಿಗೆ ಹೊಸಕೋಟೆ ಕಡೆಯ ಒಂದು ಫ್ಯಾಕ್ಟರಿಯ ಸ್ಟೋರಿನಲ್ಲಿ ಕೆಲಸ. ಎಂಟು ಗಂಟೆಗೆ ಒಳಗಿರಬೇಕು. ಹಾಗಾಗಿ ಏಳೂಕಾಲಿಗೆಲ್ಲ ನನ್ನನ್ನು ಅಂಗನವಾಡಿಯ ಮುಂದೆ ಇಳಿಸಿ ಅವರು ಹೊರಟುಬಿಡುತ್ತಿದ್ದರು. ಅಂಗನವಾಡಿ ಶುರುವಾಗುವುದು ಒಂಬತ್ತೂವರೆಗೆ. ಸಂಜೆ ನಾಲ್ಕಕ್ಕೆ ಬಾಗಿಲು ಹಾಕಿದರೆ ಅವರು ಬರುವುದು ಐದೂವರೆಗೆ. ಆ ದಾರಿಯ ಬಸ್ಸು ಬೆಳಿಗ್ಗೆ ಆರಕ್ಕೊಂದು, ಹನ್ನೊಂದಕ್ಕೊಂದು. ಎರಡೂ ನನ್ನ ಉಪಯೋಗಕ್ಕೆ ಬಂದವಲ್ಲ.

ಬೀಗದ ಕೈ ನನ್ನ ಹತ್ತಿರವೇ ಇತ್ತಲ್ಲ, ಬಾಗಿಲು ತೆಗೆದು ಒಳಗೆ ಕೂರಬಹುದಿತ್ತಲ್ಲ ಎನ್ನಬಹುದು. ಮೊದಮೊದಲು ತೆಗೆದೆ. ಟೀಚರು ಬಾಗಿಲು ತೆಗೆದಿದ್ದಾರೆ ಎಂದು ಊರಿಗೆಲ್ಲ ಗೊತ್ತಾಗಿ, ಏಳೂವರೆಗೇ ನಾಲ್ಕು ಮಕ್ಕಳು ಬಂದು ಕೂತವು. ಒಂದಕ್ಕೆ ಚಡ್ಡಿಯಿಲ್ಲ, ಇನ್ನೊಂದಕ್ಕೆ ಮುಖ ತೊಳೆದಿಲ್ಲ. ಅಡುಗೆ ಮಾಡುವ ಸಹಾಯಕಿ ತನ್ನ ಮನೆಯ ಹಸು ಕರೆದು ಬರುವುದು ಒಂಬತ್ತಕ್ಕೆ. ಅಂದಿನಿಂದ ಬೀಗ ಹಾಕಿದ ಬಾಗಿಲಿಗೆ ಬೆನ್ನು ಕೊಟ್ಟು ಮೆಟ್ಟಿಲ ಮೇಲೆ ಕೂರುವುದನ್ನು ಕಲಿತೆ.

ಮೆಟ್ಟಿಲ ಮೇಲೆ ಸುಮ್ಮನೆ ಕೂತ ಹೆಂಗಸನ್ನು ಯಾವ ಊರೂ ಸುಮ್ಮನೆ ಬಿಡುವುದಿಲ್ಲ. "ಟೀಚರಮ್ಮ, ಹಿಟ್ಟಿನ ಮಿಷನ್ನಿನವನು ಬಂದ್ರೆ ಈ ರಾಗಿ ಚೀಲ ಕೊಡಿ," ಎಂದು ಒಬ್ಬರು. "ಮನೆ ಬೀಗದ ಕೈ ಇದು, ನಮ್ಮತ್ತೆ ಬಂದ್ರೆ ಕೊಟ್ಬಿಡಿ," ಎಂದು ಇನ್ನೊಬ್ಬರು. ಎದುರು ಮನೆಯ ಅಜ್ಜಿಯಂತೂ ತನ್ನ ಮೇಕೆಯ ಹಗ್ಗವನ್ನು ನನ್ನ ಕೈಗೆ ಕೊಟ್ಟು ಸೊಪ್ಪು ತರಲು ಹೋಗುತ್ತಿದ್ದಳು. ಇಷ್ಟು ವರ್ಷಗಳಲ್ಲಿ ನಾನು ಕಾಯದೆ ಇದ್ದ ವಸ್ತು ಆ ಊರಿನಲ್ಲಿ ಕೆರೆಯೊಂದೇ ಇರಬೇಕು. ಬೆಳಿಗ್ಗೆ ಎರಡೂಕಾಲು ಗಂಟೆ, ಸಂಜೆ ಒಂದೂವರೆ. ಮನೆಯಲ್ಲಿ ಆ ಹೊತ್ತಿಗೆ ಎಷ್ಟು ಕೆಲಸ ಮುಗಿಯುತ್ತಿತ್ತು, ಅಥವಾ ಏನೂ ಮಾಡದೆ ಎಷ್ಟು ಚೆನ್ನಾಗಿ ಕೂರಬಹುದಿತ್ತು ಎಂದು ಯೋಚಿಸುತ್ತ ಮೇಕೆಯ ಹಗ್ಗ ಹಿಡಿದು ಕೂರುತ್ತಿದ್ದೆ.

ಫ್ಯಾಕ್ಟರಿಯ ವ್ಯಾನು ನಮ್ಮೂರಿನ ಸರ್ಕಲ್ಲಿಗೇ ಬರುತ್ತಿತ್ತು. ಅದರಲ್ಲಿ ಹೋಗಿ ಎಂದರೆ ಯಜಮಾನರು ಹೇಳುತ್ತಿದ್ದುದು ಒಂದೇ: "ವ್ಯಾನು ಒಂದಿನ ಏಳೂವರೆ ಅಂತಾನೆ, ಒಂದಿನ ಏಳೂಮುಕ್ಕಾಲು ಅಂತಾನೆ. ಇನ್ನೊಬ್ರ ಟೈಮಿಗೆ ನಾನ್ಯಾಕೆ ರೋಡಲ್ಲಿ ಕಾಯ್ಬೇಕು ಹೇಳು?"

ಹೀಗಾಗಿ ನನ್ನ ಪಾಲಿಗೆ ಇದ್ದ ದಾರಿ ಆ ಚೈನ್ ಒಂದೇ.

ಸ್ಕೂಟರ್ ಓಡಿಸುವುದನ್ನು ನಾನು ಆಗಲೇ ಕಲಿತಿದ್ದೆ. ಪಕ್ಕದ ಮನೆಯವರ ಸ್ಕೂಟರಿನಲ್ಲಿ, ಶಾಲೆಯ ಮೈದಾನದಲ್ಲಿ, ಭಾನುವಾರದ ಸಂಜೆಗಳಲ್ಲಿ. ಎರಡು ಸಲ ಧ್ವಜದ ಕಟ್ಟೆಗೆ ಗುದ್ದಿದ್ದು ಬಿಟ್ಟರೆ ಹೇಳಿಕೊಳ್ಳುವಂಥ ತಪ್ಪೇನೂ ಆಗಲಿಲ್ಲ. ಲೈಸೆನ್ಸೂ ಬಂದಿತ್ತು. ಸ್ಕೂಟರಿನ ಇನ್ನೊಂದು ಗುಣ ಏನೆಂದರೆ ಅದಕ್ಕೆ ಹೊರಗೆ ಚೈನಿಲ್ಲ. ನಾನು ಮೋಟಾರ್ ಸೈಕಲ್ಲಿನಲ್ಲಿ ಒಂದೇ ಕಡೆಗೆ ಕಾಲು ಹಾಕಿ ಕೂರುವವಳು. ಕಾಲು ಎಡಕ್ಕೆ, ಚೈನೂ ಎಡಕ್ಕೆ. ಚೈನ್ ಕವರಿನ ಕೆಳಗಿನ ಅರ್ಧ ಯಾವತ್ತೋ ಉದುರಿ ಹೋಗಿತ್ತು. ನನ್ನ ಬೀರುವಿನಲ್ಲಿ ಅಂಚಿಗೆ ಕರಿ ಚುಕ್ಕೆ ಇಲ್ಲದ ಸೀರೆ ಯಾವುದಾದರೂ ಇದ್ದರೆ ಅದನ್ನು ನಾನು ಬಸ್ಸಿನಲ್ಲಿ ಉಟ್ಟುಕೊಂಡು ಹೋಗಿದ್ದೆ ಎಂದೇ ಅರ್ಥ.

ಆದರೆ ನಡೆದದ್ದೇ ಬೇರೆ. ಮಾತು ಕೊಟ್ಟ ಮುಂದಿನ ಭಾನುವಾರ ಬೆಳಿಗ್ಗೆ ಅಂಗಳದಲ್ಲಿ ಹಳೇ ಪೇಪರು ಹಾಸಿತ್ತು. ಗಾಡಿ ಡಬಲ್ ಸ್ಟ್ಯಾಂಡಿನ ಮೇಲೆ ನಿಂತಿತ್ತು. ಯಜಮಾನರು ಲುಂಗಿ ಎತ್ತಿ ಕಟ್ಟಿ, ಉಪ್ಪಿನಕಾಯಿ ಬಾಟಲಿಯಲ್ಲಿ ಸ್ವಲ್ಪ ಡೀಸೆಲ್ ಇಟ್ಟುಕೊಂಡು, ನನ್ನ ಹಳೆಯ ಟೂತ್ ಬ್ರಶ್ಶಿನಿಂದ ಚೈನಿನ ಒಂದೊಂದು ಕೊಂಡಿಯನ್ನೂ ಉಜ್ಜುತ್ತಿದ್ದರು. ತಮ್ಮ ಹಲ್ಲನ್ನು ಅವರು ಅಷ್ಟು ಹೊತ್ತು ಉಜ್ಜಿದ್ದನ್ನು ನಾನು ಕಂಡಿಲ್ಲ.

"ಬಾರೇ ಇಲ್ಲಿ, ಚಕ್ರ ತಿರುಗ್ಸು. ನಿಧಾನಕ್ಕೆ. ಹಿಂದಕ್ಕೆ."

ಅವರು ಗೇರ್ ಆಯಿಲನ್ನು ಹನಿ ಹನಿಯಾಗಿ ಬಿಡುವುದು, ನಾನು ಚಕ್ರವನ್ನು ಹಿಂದಕ್ಕೆ ತಿರುಗಿಸುವುದು. ನನ್ನ ಸ್ಕೂಟರನ್ನು ನಾನೇ ಕೈಯಾರೆ ಹಿಂದಕ್ಕೆ ತಳ್ಳುತ್ತಿದ್ದೇನೆ ಎಂಬುದು ಅರ್ಧ ಸುತ್ತು ಆದ ಮೇಲೆ ಹೊಳೆಯಿತು. ಆ ಮೇಲೆ ಪ್ರತಿ ಭಾನುವಾರವೂ ಇದೇ. ಮಳೆಯಲ್ಲಿ ನೆನೆದು ಬಂದರೆ ಅವರು ಮೊದಲು ಒರೆಸುತ್ತಿದ್ದುದು ಚೈನನ್ನು, ಆಮೇಲೆ ತಲೆಯನ್ನು. ಮುರಿಯಬೇಕಾದ ಮಾತೊಂದಿದೆ ಎಂದರೆ ಗಂಡಸರಿಗೆ ಎಷ್ಟು ಶಿಸ್ತು ಬರುತ್ತದೆ ಎಂದು ನಾನು ಬೆರಗಾಗಿದ್ದು ಆಗಲೇ. ಒಂದು ವರ್ಷ ಕಳೆಯಿತು. ಕ್ಯಾಲೆಂಡರ್ ಬದಲಾಯಿತು. ಹೊಸ ಕ್ಯಾಲೆಂಡರಿನ ಮೊದಲ ಪುಟಕ್ಕೆ ಮತ್ತೆ "ಚೈನ್" ಎಂದು ಇಳಿಸಿಕೊಂಡೆ. ಚೈನು ಮಿಣ್ಣಗೆ ಓಡುತ್ತಿತ್ತು.

ಯುಗಾದಿಯ ಮಾರನೆಯ ದಿನ ನಮ್ಮಲ್ಲಿ ಹೊಸತೊಡಕು. ಹಬ್ಬದ ದಿನ ಒಬ್ಬಟ್ಟು ತಿಂದು ಸುಮ್ಮನಿದ್ದ ನಾಲಿಗೆಗಳೆಲ್ಲ ಅಂದು ಬಾಡೂಟಕ್ಕೆ ಕಾದಿರುತ್ತವೆ. ಆ ಸಲ ನೆಂಟರು ಹೆಚ್ಚಾಗಿ ಬಂದಿದ್ದರಿಂದ ಎರಡು ಬಾಣಲೆ ಕೋಳಿ ಕಬಾಬು ಕರಿದೆ. ಮಿಕ್ಕ ಎಣ್ಣೆಯನ್ನು ಸೋಸಿ ಒಂದು ಸ್ಟೀಲ್ ಡಬ್ಬಿಯಲ್ಲಿ ಕಿಟಕಿಯ ಪಕ್ಕ ಇಟ್ಟಿದ್ದೆ. ಅದರ ಮುಂದಿನ ಭಾನುವಾರ ಯಜಮಾನರ ಗೇರ್ ಆಯಿಲ್ ಮುಗಿದಿತ್ತು. ನಾನು ಮುದ್ದೆ ತೊಳಸುತ್ತಿದ್ದಾಗ ಅವರು ಒಳಗೆ ಬಂದು ಡಬ್ಬಿಯ ಮುಚ್ಚಳ ತೆಗೆದು ನೋಡಿದರು.

"ಇದೇನ್ ಎಣ್ಣೆ?"

"ಕರಿದಿದ್ದು."

"ಎಣ್ಣೆ ಎಣ್ಣೆನೇ ತಾನೇ. ಇವತ್ತೊಂದಿನ ಆಗೋಗುತ್ತೆ ಬಿಡು," ಎಂದು ಎತ್ತಿಕೊಂಡು ಹೋದರು.

ಏನು ಕರಿದಿದ್ದು ಎಂದು ಅವರು ಕೇಳಲಿಲ್ಲ. ನಾನೂ ಹೇಳಲಿಲ್ಲ. ಮುದ್ದೆ ತಳ ಹಿಡಿಯುವ ಹೊತ್ತು. ಮಾತಾಡುತ್ತ ನಿಂತರೆ ಗಂಟಾಗುತ್ತದೆ. ಇದು ಪೂರ್ತಿ ಸುಳ್ಳಲ್ಲ.

ಸೋಮವಾರ ಬೆಳಿಗ್ಗೆ ನಮ್ಮ ಬೀದಿಯ ತಿರುವಿನಲ್ಲೇ ಒಂದು ನಾಯಿ ಎದ್ದು ನಿಂತು ಮೂಗರಳಿಸಿತು. ಇನ್ನೊಂದು ಎದ್ದಿತು. ಊರು ದಾಟುವ ಹೊತ್ತಿಗೆ ಐದು ನಾಯಿ ಹಿಂದೆ. ಅವು ಬೊಗಳುತ್ತಿರಲಿಲ್ಲ. ಬಾಯಿ ತೆರೆದು, ನಾಲಿಗೆ ಚಾಚಿ, ಬಹಳ ಆಸೆಯಿಂದ ಓಡಿ ಬರುತ್ತಿದ್ದವು. ಗಾಡಿ ಬಿಸಿಯಾದಂತೆಲ್ಲ ಕಬಾಬಿನ ಮಸಾಲೆಯ ವಾಸನೆ ಏಳುತ್ತಿತ್ತು. ಮುಂದಿನ ಊರು ಬಂದ ಕೂಡಲೇ ಆ ನಾಯಿಗಳು ನಿಂತವು. ಅಲ್ಲಿಯವು ಶಿಫ್ಟಿಗೆ ಬಂದ ಹಾಗೆ ಎದ್ದು ಓಡತೊಡಗಿದವು. ಯಜಮಾನರು ಎರಡೂ ಕಾಲನ್ನು ಟ್ಯಾಂಕಿನ ಕಡೆಗೆ ಎತ್ತಿಕೊಂಡು ಓಡಿಸಿದರು. ನನ್ನ ಕಾಲುಗಳು ಮಾತ್ರ ಸರಿಯಾಗಿ ಚೈನಿನ ಮೇಲೇ ನೇತಾಡುತ್ತಿದ್ದವು. ಊಟದ ಬ್ಯಾಗನ್ನು ಅಡ್ಡ ಹಿಡಿದುಕೊಂಡೆ. ಅದರಿಂದ ನಾಯಿಗಳಿಗೆ ಇನ್ನೂ ಭರವಸೆ ಬಂತು.

ಅಂಗನವಾಡಿಯ ಮುಂದೆ ಇಳಿದಾಗ ಎದುರು ಮನೆಯ ಅಜ್ಜಿ ಮೇಕೆಯ ಸಮೇತ ನಿಂತು ನೋಡುತ್ತಿದ್ದಳು. "ಏನ್ ಟೀಚರಮ್ಮ, ಇವತ್ತು ಮೆರವಣಿಗೇಲಿ ಬಂದ್ಬಿಟ್ರಿ?"

ಯಜಮಾನರು ಹೆಲ್ಮೆಟ್ಟಿನೊಳಗಿನಿಂದಲೇ ಗುರುಗುಟ್ಟಿದರು. "ಕೋಳಿ ಕರಿದಿದ್ದು ಅಂತ ಬಾಯಿ ಬಿಟ್ಟು ಹೇಳೋಕಾಗಲ್ವಾ ನಿಂಗೆ?"

"ನೀವು ಕೇಳಿಲ್ವಲ್ಲಾ."

"ಬೇಕೂಂತಲೇ ಮಾಡಿದೀಯ. ಚೈನ್ ಹಾಳಾಗ್ಲಿ ಅಂತ."

"ಅಯ್ಯೋ, ಡಬ್ಬಿ ಎತ್ಕೊಂಡು ಹೋಗಿದ್ದು ನಾನಾ?"

ಡೀಸೆಲಿನಲ್ಲಿ ಎರಡು ಸಲ ತೊಳೆದರೂ ವಾಸನೆ ಪೂರ್ತಿ ಹೋಗಲಿಲ್ಲ. ನಡುವಿನ ಊರಿನ ಒಂದು ಕೆಂಚು ನಾಯಿ ಮಾತ್ರ ಇನ್ನೂ ಹತ್ತು ದಿನ ನಿಷ್ಠೆಯಿಂದ ಹಿಂದೆ ಓಡಿತು. ಕರಿದ ಎಣ್ಣೆಗೆ ರಸ್ತೆಯ ಧೂಳು ಅಂಟಿ ಚೈನಿನ ಮೇಲೆ ಹಕ್ಕಳೆಗಟ್ಟಿತ್ತು. ಅದನ್ನು ಕೆರೆದು ತೆಗೆಯುವ ಹೊತ್ತಿಗೆ ಚೈನು ಸಡಿಲಾಗಿ ಲೊಟಲೊಟ ಎನ್ನುತ್ತಿತ್ತು. ನನ್ನ ಎದೆಯಲ್ಲಿ ಸ್ಕೂಟರಿನ ಹಾರ್ನ್ ಬಾರಿಸಿದ ಹಾಗಾಯಿತು.

ಆಗ ಯಜಮಾನರು ಸ್ಪ್ಯಾನರ್ ತಂದರು. ಹಿಂದಿನ ಚಕ್ರದ ನಟ್ಟು ಸಡಿಲಿಸಿ, ಚಕ್ರವನ್ನು ಹಿಂದಕ್ಕೆ ಎಳೆದು, ಚೈನು ಬಿಗಿ ಮಾಡಿದರು. ಲೊಟಲೊಟ ನಿಂತಿತು. ಅದರ ರುಚಿ ಹತ್ತಿದ ಮೇಲೆ ಪ್ರತಿ ಭಾನುವಾರವೂ ಇನ್ನಿಷ್ಟು ಬಿಗಿ. ಕೊನೆಗೆ ಬೆರಳಿನಿಂದ ಮೀಟಿದರೆ ಟಣ್ ಎನ್ನುವಷ್ಟಾಯಿತು. "ಕೇಳಿಸ್ತಾ? ತಂಬೂರಿ ಕಣೇ, ತಂಬೂರಿ! ಅಲ್ಲಾಡೋ ಚೈನ್ ಸವೆಯುತ್ತೆ. ಅಲ್ಲಾಡದೇ ಇರೋದು ಎಲ್ಲಿಂದ ಸವೀಬೇಕು?" ಎಂದು ನನಗೆ ವಿವರಿಸಿದರು. ನನಗೂ ಸರಿ ಎನ್ನಿಸಿ ಬೇಸರವಾಯಿತು.

ಮುಂದಿನ ತಿಂಗಳು ಹೊಸಕೋಟೆಯಲ್ಲಿ ನಮ್ಮ ಟೀಚರುಗಳ ಮೀಟಿಂಗು ಇತ್ತು. ಮುಗಿಸಿ ಬಸ್ ಸ್ಟ್ಯಾಂಡಿಗೆ ನಡೆದು ಬರುವಾಗ ಶೆಡ್ಡಿನಿಂದ ಮೆಕ್ಯಾನಿಕ್ಕು ಕೂಗಿದ.

"ಮೇಡಂ, ಒಂದು ನಿಮಿಷ. ಮೊನ್ನೆ ಸಾರ್ ಗಾಳಿ ಹಿಡ್ಸೋಕೆ ಬಂದಿದ್ರು. ಚೈನ್ ಯಾಕೆ ಹಂಗೆ ಟೈಟ್ ಮಾಡಿದಾರೆ? ಕೆಳಗಡೆ ಕೈ ಇಟ್ಟು ನೋಡಿದ್ರೆ ಎರಡು ಬೆರಳಷ್ಟು ಮೇಲೆ ಕೆಳಗೆ ಆಡ್ಬೇಕು. ಗಾಡಿ ಮೇಲೆ ಇಬ್ರು ಕೂತ್ರೆ ಅದು ಇನ್ನೂ ಬಿಗಿ ಆಗುತ್ತೆ. ಹಿಂಗೇ ಬಿಟ್ರೆ ಚೈನೂ ಹೋಯ್ತು, ಹಲ್ಲಿನ ಚಕ್ರನೂ ಹೋಯ್ತು."

"ನೀನೇ ಹೇಳ್ಬೇಕಿತ್ತಲ್ಲಪ್ಪಾ."

"ಹೇಳಿದ್ರೆ ಸಾರ್ ನಂಗೇ ಪಾಠ ಮಾಡ್ತಾರೆ. ನೀವು ಹೇಳಿ ಮೇಡಂ. ಹೇಳ್ತೀರಲ್ಲಾ?"

"ಹೇಳ್ತೀನಿ," ಎಂದೆ.

ಅವತ್ತು ಸಂಜೆ ಹೇಳೋಣವೆಂದರೆ ಅವರಿಗೆ ತಲೆನೋವು. ಮಾರನೆಯ ದಿನ ನನಗೆ ಮೊಟ್ಟೆ ಹಂಚುವ ಕೆಲಸ. ಅದರ ಮಾರನೆಯ ದಿನ ಶುಕ್ರವಾರ. ಒಳ್ಳೆಯ ದಿನ ಏಕೆ ಬಿಗಿ ಸಡಿಲದ ಮಾತು ಎಂದು ಬಿಟ್ಟೆ. ಮೀಟಿಂಗಿಗೆ ಹೋದದ್ದನ್ನು ಕ್ಯಾಲೆಂಡರಿನಲ್ಲಿ ಬರೆದೆ. ವಾಪಸು ಬರುವಾಗ ಎರಡು ಕಟ್ಟು ಕೊತ್ತಂಬರಿ ತಂದದ್ದನ್ನೂ ಬರೆದೆ. ಮೆಕ್ಯಾನಿಕ್ಕು ಹೇಳಿದ್ದನ್ನು ಬರೆಯಲಿಲ್ಲ. ಇನ್ನು ಇಬ್ಬರು ಕೂತರೆ ಇನ್ನೂ ಬಿಗಿಯಾಗುತ್ತದೆ ಎಂಬ ಮಾತು ನೆನಪಾಗಿ, ರಾತ್ರಿ ಊಟಕ್ಕೆ ಒಂದು ಸೌಟು ಅನ್ನ ಹೆಚ್ಚಾಗಿ ಬಡಿಸಿಕೊಂಡೆ ಎಂದೂ ಒಪ್ಪಿಕೊಳ್ಳುತ್ತೇನೆ.

ಮೂರು ವಾರದಲ್ಲಿ ಸದ್ದು ಶುರುವಾಯಿತು. ಮೊದಲು ಕಿರಕಿರ, ಆಮೇಲೆ ಕರಕರ, ಏರು ಬಂದರೆ ಕಟಕಟ. ಚೈನಿನ ಪಕ್ಕದಲ್ಲೇ ಕಾಲಿಟ್ಟು ಕೂರುವ ನನಗೆ ಅದು ಅಂಗಾಲಿನಿಂದಲೇ ಕೇಳಿಸುತ್ತಿತ್ತು. ಯಜಮಾನರು ಆ ಸದ್ದನ್ನು ಮುಚ್ಚಲು ಜೋರಾಗಿ ಮಾತಾಡುತ್ತಿದ್ದರು. ನಾನು ಕೇಳಿಸಿಕೊಳ್ಳಲು ಸುಮ್ಮನಿರುತ್ತಿದ್ದೆ. ಯಾವ ಬಣ್ಣದ ಸ್ಕೂಟರ್ ತರುವುದು ಎಂದು ಮನಸ್ಸಿನಲ್ಲಿ ಎರಡು ಸಲ ಬದಲಾಯಿಸಿದೆ.

ಒಂದು ಶನಿವಾರ ಅವರು ಓವರ್ ಟೈಮ್ ಎಂದು ತಡವಾಗಿ ಬಂದರು. ಸೋಮವಾರ ಬೆಳಿಗ್ಗೆ ಗಾಡಿ ಹತ್ತಿ ಕೂತೆ. ಬೀದಿ ದಾಟಿತು, ಏರು ದಾಟಿತು. ಒಂದು ಸದ್ದಿಲ್ಲ. ಕೆರೆಯ ಏರಿಯ ಮೇಲೆ ಹಕ್ಕಿಗಳು ಕೂಗುವುದು ಕೇಳಿಸಿತು.

"ಸದ್ದೇ ಇಲ್ವಲ್ಲ ರೀ," ಎಂದೆ.

"ಹೊಸ ಆಯಿಲ್ ಹಾಕ್ದೆ. ಭಾಳ ಒಳ್ಳೆ ಆಯಿಲ್."

ಇಳಿದ ಮೇಲೆ ಬ್ಯಾಗು ಸರಿ ಮಾಡಿಕೊಳ್ಳುವ ನೆಪದಲ್ಲಿ ಬಗ್ಗಿ ನೋಡಿದೆ. ಚೈನು ಕಪ್ಪಾಗಿಯೇ ಇತ್ತು, ಮಣ್ಣೂ ಮೆತ್ತಿತ್ತು. ಆದರೆ ಅದನ್ನು ಹಿಡಿದ ಚಕ್ರದ ಹಲ್ಲುಗಳು ಆಗ ತಾನೇ ಹುಟ್ಟಿದ ಹಾಗೆ ಬೆಳ್ಳಗೆ, ಚೂಪಾಗಿ ನಗುತ್ತಿದ್ದವು. ಮಣ್ಣು ಕೂಡ ನಮ್ಮೂರಿನ ಕೆಂಪು ಮಣ್ಣು, ಕೈಯಿಂದ ಸವರಿದ ಗೆರೆಗಳ ಸಮೇತ.

ಆಗಲೇ ಕೇಳಬೇಕಿತ್ತು. ಆದರೆ ಇವರನ್ನು ಮೆಕ್ಯಾನಿಕ್ಕಿನ ಮುಂದೆ ನಿಲ್ಲಿಸಿದರೆ ಅವನು ಮೊದಲು ಕೇಳುವುದು ನನ್ನನ್ನೇ, ಬಿಗಿಯ ವಿಷಯ ಸಾರ್‌ಗೆ ಹೇಳಿದಿರಾ ಎಂದು. ಹಾಗಾಗಿ ನಾವಿಬ್ಬರೂ ಒಂದೇ ಗಾಡಿಯ ಮೇಲೆ, ಒಬ್ಬರ ಹಿಂದೊಬ್ಬರು ಕೂತು, ಎರಡು ವಾರ ಬಹಳ ಮರ್ಯಾದೆಯಿಂದ ಓಡಾಡಿದೆವು. "ಗಟ್ಟಿಯಾಗಿ ಹಿಡ್ಕೋ ಕಣೇ." "ನಿಧಾನಕ್ಕೆ ಹೋಗಿ, ಏನೂ ಅವಸರವಿಲ್ಲ." ಮದುವೆಯಾದ ಹೊಸದರಲ್ಲೂ ನಾವು ಅಷ್ಟು ಮೆತ್ತಗೆ ಮಾತಾಡಿದ್ದಿಲ್ಲ.

ಅವರು ಮಾತ್ರ ಭಾನುವಾರದ ಸ್ಪ್ಯಾನರ್ ಬಿಡಲಿಲ್ಲ. ಹೊಸದಕ್ಕೂ ಅದೇ ತಂಬೂರಿ.

ಒಂದು ಮಂಗಳವಾರ, ಅಂಗನವಾಡಿ ಇನ್ನೂ ಇಪ್ಪತ್ತು ಮಾರು ಇದೆ ಎನ್ನುವಾಗ, ನನ್ನ ಕಾಲಿನ ಕೆಳಗೆ ಟಪ್ ಎಂದಿತು. ಇಂಜಿನ್ನು ಕಿರುಚಿತು, ಗಾಡಿ ಮಾತ್ರ ತೇಲಿಕೊಂಡು ಹೋಗಿ ಮೆಟ್ಟಿಲಿನ ಮುಂದೆ ತಾನಾಗಿ ನಿಂತಿತು. ತಿರುಗಿ ನೋಡಿದರೆ ಚೈನು ರಸ್ತೆಯ ಮೇಲೆ ಉದ್ದಕ್ಕೆ ಮಲಗಿತ್ತು. ಬಿಗಿ ತಾಳದೆ ಅದರ ಎರಡು ತುದಿ ಸೇರಿಸುವ ಲಾಕು ಹಾರಿತ್ತು. ಯಜಮಾನರು ಫೋನ್ ಮಾಡಿದರು. "ಬರ್ತೀನಿ ಸಾರ್, ಒಂಬತ್ತು ಗಂಟೆ ಆಗುತ್ತೆ," ಎಂದ ಮೆಕ್ಯಾನಿಕ್ಕು. ಆರು ಕಿಲೋಮೀಟರ್ ನಡೆದು ನಮ್ಮೂರಿನ ಸರ್ಕಲ್ಲು ಸೇರುವಷ್ಟರಲ್ಲಿ ವ್ಯಾನು ಹೋಗಿರುತ್ತಿತ್ತು. ಫ್ಯಾಕ್ಟರಿಗೆ ಅರ್ಧ ದಿನ ರಜೆ ಹೇಳಿ, ಅವರು ಬಂದು ಮೆಟ್ಟಿಲ ಮೇಲೆ ನನ್ನ ಪಕ್ಕ ಕೂತರು.

ಏಳೂಕಾಲು. ಅವರು ವಾಚು ನೋಡಿಕೊಂಡರು. ಸ್ವಲ್ಪ ಹೊತ್ತು ಎದುರಿನ ಬೇವಿನ ಮರ ನೋಡಿದರು. ಚಪ್ಪಲಿ ಕಳಚಿ ಕೊಡವಿ ಹಾಕಿಕೊಂಡರು. ಮತ್ತೆ ವಾಚು ನೋಡಿಕೊಂಡರು. ಏಳು ಇಪ್ಪತ್ತೆರಡು.

"ವಾಚ್ ನಿಂತೋಗಿದ್ಯಾ ನೋಡೇ."

"ನಡೀತಾ ಇದೆ. ಇಲ್ಲಿ ಹಂಗೇ."

ಒಬ್ಬಳು ಬಂದು ಬೀಗದ ಕೈ ಕೊಟ್ಟಳು. ಒಬ್ಬರು ರಾಗಿ ಚೀಲ ತಂದು ಅವರ ಕಾಲಿನ ಪಕ್ಕ ಇಳಿಸಿ, "ಯಜಮಾನ್ರೂ ಬಂದಿದ್ದಾರೆ, ಒಳ್ಳೇದಾಯ್ತು," ಎಂದು ಇನ್ನೊಂದು ಚೀಲ ತರಲು ಹೋದರು. ಅಜ್ಜಿ ಬಂದಳು. ಹಗ್ಗವನ್ನು ನನ್ನ ಕಡೆ ಚಾಚಿದವಳು, ನನ್ನನ್ನೂ ಅವರನ್ನೂ ಒಂದು ಸಲ ನೋಡಿ, ಅವರ ಕೈಗೆ ಕೊಟ್ಟಳು.

"ಗಟ್ಟಿಯಾಗಿ ಹಿಡ್ಕೊಳಪ್ಪಾ. ಗಂಡಸರು ಅಂದ್ರೆ ಜಗ್ಗುತ್ತೆ ಅದು."

ಮೇಕೆ ಜಗ್ಗಿತು. ಆಮೇಲೆ ಜಗ್ಗುವುದನ್ನು ಬಿಟ್ಟು ಅವರ ಅಂಗಿಯ ತುದಿಯನ್ನು ತಿನ್ನತೊಡಗಿತು. ಅಂಗಿ ಬಿಡಿಸಿಕೊಂಡರೆ ಹೆಲ್ಮೆಟ್ಟಿನ ಪಟ್ಟಿಗೆ ಬಾಯಿ ಹಾಕಿತು. ನಾನು ನನ್ನ ಪಾಡಿಗೆ ಅಲಸಂದೆಕಾಯಿ ಸುಲಿಯುತ್ತ ಕೂತೆ. ಅದೂ ಯಾರೋ ಕೊಟ್ಟು ಹೋದದ್ದೇ.

ಎಂಟು ಗಂಟೆ ದಾಟಿತು. ಬಿಸಿಲು ಮೆಟ್ಟಿಲ ಮೇಲೆ ಬಂತು. ನಾವು ಒಂದು ಮೆಟ್ಟಿಲು ಮೇಲಕ್ಕೆ ಸರಿದೆವು. ಅವರು ಕೇಳಿದರು.

"ದಿನಾ ಹಿಂಗೇನಾ?"

"ಹೂಂ."

"ಮೇಕೆನೂ?"

"ಮೇಕೆ ಮಂಗಳವಾರ, ಗುರುವಾರ. ಮಿಕ್ಕ ದಿನ ಕೋಳಿ."

ಅವರು ಎಂಟೂವರೆಗೆ ಒಂದು ಸಲ ಎದ್ದು ರಸ್ತೆಯವರೆಗೆ ಹೋಗಿ ಮೆಕ್ಯಾನಿಕ್ಕು ಬರುತ್ತಾನಾ ಎಂದು ನೋಡಿ ಬಂದರು. ಮೇಕೆಯೂ ಹೋಗಿ ಬಂತು.

ಒಂಬತ್ತು ಹತ್ತಕ್ಕೆ ಮೆಕ್ಯಾನಿಕ್ಕು ಬಂದ. ಅಜ್ಜಿಯೂ ಅದೇ ಹೊತ್ತಿಗೆ ಸೊಪ್ಪಿನ ಹೊರೆ ಹೊತ್ತು ಬಂದಳು. ಅವನು ಚೈನು ಎತ್ತಿ ಬಿಸಿಲಿಗೆ ಹಿಡಿದು ನೋಡಿ ಹಣೆ ಚಚ್ಚಿಕೊಂಡ.

"ಅರೆ ಸಾರ್, ಏನ್ ಮಾಡ್ಬಿಟ್ರಿ! ಹೊಸಾ ಚೈನು! ನಾನು ಹಾಕ್ಕೊಟ್ಟು ಇನ್ನೂ ಇಪ್ಪತ್ತು ದಿನ ಆಗಿಲ್ಲ!"

ಯಜಮಾನರು ಮೇಕೆಯ ಕಡೆ ನೋಡಿದರು.

"ಹೊಸದಾ?" ಎಂದೆ ನಾನು, ಆದಷ್ಟು ಗಾಬರಿಯಿಂದ. "ಯಾವತ್ತು ಹಾಕ್ಸಿದ್ರಿ ರೀ? ಆಯಿಲ್ ಅಂದ್ರಲ್ಲಾ?"

ಅವರು ಬಾಯಿ ತೆರೆಯುವ ಮೊದಲೇ ಮೆಕ್ಯಾನಿಕ್ಕು ನನ್ನ ಕಡೆ ತಿರುಗಿದ. "ಮೇಡಂ, ನಿಮಗೆ ಹೇಳಿದ್ದೆನಲ್ಲಾ, ಟೈಟ್ ಮಾಡ್ಬೇಡಿ ಅಂತ ಸಾರ್‌ಗೆ ಹೇಳಿ ಅಂತ? ಮೀಟಿಂಗಿಗೆ ಬಂದಾಗ? ಹೇಳಿಲ್ವಾ ನೀವು?"

ಈಗ ಯಜಮಾನರು ನನ್ನ ಕಡೆ ನೋಡಿದರು. ನಾನು ಅಲಸಂದೆಕಾಯಿಯ ಕಡೆ ನೋಡಿದೆ.

"ಯಾವಾಗ ಹೇಳಿದ್ದ ಇವನು?"

"ಆಗಿರ್ಬೇಕು ಒಂದೆರಡು ತಿಂಗಳು."

"ಎಲ್ಲಾ ಬರ್ದಿಡ್ತೀಯಲ್ಲ. ಇದು ಬರ್ದಿಲ್ವಾ?"

"ಚೌಕ ಸಣ್ಣದು. ಕೊತ್ತಂಬರಿ ಸೊಪ್ಪು ಬರೆದಿದ್ದೆ, ಜಾಗ ಸಾಲಲಿಲ್ಲ."

ಸೊಪ್ಪಿನ ಹೊರೆ ಇಳಿಸಿ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದ ಅಜ್ಜಿ ಸೊಂಟದ ಮೇಲೆ ಕೈಯಿಟ್ಟಳು. "ಗಂಡ ಕದ್ದು ಚೈನ್ ಹಾಕ್ಸವ್ನೆ, ಹೆಂಡ್ತಿ ಕದ್ದು ಮಾತು ನುಂಗವ್ಳೆ. ಸರಿಹೋಯ್ತು ಬಿಡಿ, ಒಳ್ಳೇ ಜೋಡಿ. ನನ್ ಮೇಕೆ ಕೊಡಿ ಇಲ್ಲಿ."

ಮೊದಲು ನಕ್ಕವನು ಮೆಕ್ಯಾನಿಕ್ಕು. ಆಮೇಲೆ ಯಜಮಾನರು, ಮೇಕೆಯ ಹಗ್ಗ ಬಿಟ್ಟುಕೊಟ್ಟು, ತಿಂದು ಹರಿದ ಅಂಗಿಯ ತುದಿಯಿಂದ ಮುಖ ಒರೆಸಿಕೊಳ್ಳುತ್ತ.

ಮೆಕ್ಯಾನಿಕ್ಕು ಹೊಸ ಲಾಕು ಹಾಕಿ, ಎರಡು ಬೆರಳಷ್ಟು ಸಡಿಲ ಬಿಟ್ಟು, ಅವರ ಕೈ ಹಿಡಿದು ಚೈನಿನ ಕೆಳಗಿಟ್ಟು ತೋರಿಸಿದ. "ಇಷ್ಟು ಆಡ್ಬೇಕು ಸಾರ್. ಹಿಂಗಿದ್ರೆ ಇದು ಎರಡು ವರ್ಷ ಎಲ್ಲಿಗೂ ಹೋಗಲ್ಲ."

ಎರಡು ವರ್ಷ ಎಂಬ ಮಾತು ಕೇಳಿ ನಾನು ಸಿಪ್ಪೆಯನ್ನೆಲ್ಲ ಗುಡ್ಡೆ ಮಾಡುತ್ತ ಕೂತೆ. ಮಾತು ಮಾತೇ ಆದರೂ, ನಾನೂ ಆಟ ಆಡಿದ್ದೆನಲ್ಲ, ಕೇಳಲು ಮುಖವಿರಲಿಲ್ಲ. ಯಜಮಾನರು ಗಾಡಿ ಸ್ಟಾರ್ಟ್ ಮಾಡಿದರು, ಆಫ್ ಮಾಡಿದರು. ಮೆಟ್ಟಿಲಿನ ಕಡೆ ಒಂದು ಸಲ ನೋಡಿದರು.

"ವ್ಯಾನಿಗೆ ಕಾಯೋದು ಅಂದ್ರೆ ನಂಗೆ ಆಗಲ್ಲ ಕಣೇ, ಅದಕ್ಕೇ ಹಂಗೆ ಮಾಡ್ದೆ," ಎಂದರು. ನಾನು ರಾಗಿ ಚೀಲಗಳ ನಡುವೆ ಕೂತಿದ್ದೆ. ತಮ್ಮ ಮಾತು ತಮ್ಮ ಕಿವಿಗೇ ಬಿದ್ದಿರಬೇಕು. ಮೆಕ್ಯಾನಿಕ್ಕಿನ ಕಡೆ ತಿರುಗಿ, "ಲೇಡೀಸಿಗೆ ಯಾವ ಸ್ಕೂಟರ್ ಚೆನ್ನಾಗಿರುತ್ತೆ ಹೇಳಪ್ಪಾ. ಭಾರ ಜಾಸ್ತಿ ಇರ್ಬಾರ್ದು," ಎಂದರು.

"ಚೈನ್ ಇನ್ನೂ ಸವೆದಿಲ್ವಲ್ಲ ಸಾರ್," ಎಂದ ಆ ಸಾಕ್ಷಿ, ಚೇಷ್ಟೆಗೆ.

"ಮೊದಲನೇದು ಸವೀತಲ್ಲೋ ಮಾರಾಯ. ಸುಮ್ನೆ ಹೇಳು."

ಸ್ಕೂಟರ್ ಬಂತು. ಬಣ್ಣ ಕೊನೆಗೆ ಬೂದು. ನಾನು ಯೋಚಿಸಿದ್ದ ಎರಡೂ ಬಣ್ಣ ಅಂಗಡಿಯಲ್ಲಿ ಇರಲಿಲ್ಲ. ಯಜಮಾನರು ಈಗ ಸರ್ಕಲ್ಲಿನಲ್ಲಿ ವ್ಯಾನಿಗೆ ಕಾಯುತ್ತಾರೆ. ಕಾಯುವಾಗ ಯಾರೂ ಅವರ ಕೈಗೆ ಏನನ್ನೂ ಕೊಡುವುದಿಲ್ಲವಾದ್ದರಿಂದ ಅದು ಅಷ್ಟು ಕಷ್ಟವಲ್ಲ ಎನ್ನುತ್ತಾರೆ.

ಮೊದಲ ದಿನ ನಾನು ಮನೆಯಿಂದ ಹೊರಟಾಗ ಎಂಟೂಮುಕ್ಕಾಲು. ಪಾತ್ರೆ ತೊಳೆದಾಗಿತ್ತು, ಒಂದು ಲೋಟ ಕಾಫಿಯನ್ನು ಕೂತು ಕುಡಿದಾಗಿತ್ತು. ಕೆರೆಯ ಏರಿಯ ಮೇಲೆ ಬಂದಾಗ ಒಂದು ಆಸೆ ಹುಟ್ಟಿತು. ಇಷ್ಟು ವರ್ಷ ಇದೇ ದಾರಿಯಲ್ಲಿ ಎಡಗಡೆಯ ಹೊಲಗಳನ್ನಷ್ಟೇ ನೋಡುತ್ತ ಹೋಗಿದ್ದೇನೆ. ಬಲಗಡೆಯ ಕೆರೆ ಬೆಳಗಿನ ಬಿಸಿಲಲ್ಲಿ ಹೇಗಿರುತ್ತದೆ ಎಂದು ನೋಡೇ ಇಲ್ಲ. ಹೊಂಗೆ ಮರದ ಕೆಳಗೆ ಸ್ಕೂಟರ್ ನಿಲ್ಲಿಸಿ, ಬ್ಯಾಗಿನಿಂದ ಒಂದು ಸೀಬೆಹಣ್ಣು ತೆಗೆದು ಕಚ್ಚಿದೆ.

ಎರಡನೇ ತುತ್ತಿಗೆ ಒಂದು ಟ್ರ್ಯಾಕ್ಟರ್ ಬಂದು ನಿಂತಿತು.

"ಏನಾಯ್ತು ಟೀಚರ್? ಕೆಟ್ಟೋಯ್ತಾ?"

"ಇಲ್ಲಪ್ಪಾ."

"ಪೆಟ್ರೋಲ್ ಮುಗೀತಾ?"

"ತುಂಬಾ ಇದೆ."

"ಪಂಚರ್ರಾ?"

"ಏನೂ ಆಗಿಲ್ಲ. ಸುಮ್ನೆ ನಿಲ್ಸಿದೀನಿ."

ಅವನು ನಂಬಲಿಲ್ಲ. ಇಂಜಿನ್ ಆಫ್ ಮಾಡಿ ಇಳಿದು ಬಂದ. ಅಷ್ಟರಲ್ಲಿ ಸೈಕಲ್ಲಿಗೆ ಹಾಲಿನ ಕ್ಯಾನು ಕಟ್ಟಿಕೊಂಡ ಇನ್ನೊಬ್ಬ ಬಂದು, ಕೇಳದೆಯೇ ಸ್ಕೂಟರಿನ ಪಕ್ಕ ಕುಕ್ಕರಗಾಲಲ್ಲಿ ಕೂತು ಕೆಳಗೆಲ್ಲ ಇಣುಕಿ ನೋಡಿದ.

"ಚೈನ್ ಕಳ್ಚಿರ್ಬೇಕು ಕಣೋ."

"ಲೇ, ಇದಕ್ಕೆ ಚೈನ್ ಎಲ್ಲಿರುತ್ತಲಾ?"

"ಹೌದಲ್ವಾ. ಹಂಗಾದ್ರೆ ಇನ್ನೇನ್ ಆಗಿರ್ಬೋದು? ಟೀಚರ್, ಯಜಮಾನ್ರಿಗೆ ಫೋನ್ ಮಾಡ್ಲಾ?"

"ಮಾಡಿ. ಸೀಬೆಹಣ್ಣು ತಿಂತಾ ಇದಾರೆ ಅಂತ ಹೇಳಿ," ಎಂದೆ. ಬ್ಯಾಗಿನಲ್ಲಿ ಇನ್ನೆರಡು ಇದ್ದವು. ಇಬ್ಬರಿಗೂ ಒಂದೊಂದು ಕೊಟ್ಟೆ. ತೆಗೆದುಕೊಂಡರು. ತಿನ್ನುತ್ತ, ಸ್ಕೂಟರಿನ ಆ ಕಡೆ ಒಬ್ಬ, ಈ ಕಡೆ ಒಬ್ಬ ನಿಂತು ಕಾದರು. ನಾನು ಕೈ ಒರೆಸಿಕೊಂಡು ಗುಂಡಿ ಒತ್ತುವವರೆಗೂ ಇಬ್ಬರೂ ಕದಲಲಿಲ್ಲ. ಅದು ಒಂದೇ ಸಲಕ್ಕೆ ಸ್ಟಾರ್ಟ್ ಆದಾಗ ಟ್ರ್ಯಾಕ್ಟರಿನವನ ಮುಖ ಸ್ವಲ್ಪ ಸಣ್ಣಗಾಯಿತು.